ಕಡಬದ ಪೊಟ್ಯಾಶಿಯಂ

13 ಜನವರಿ 2025, ಸೋಮವಾರ

6.40ಕ್ಕೆ ಲ್ಯಾಬಿನ ಬಾಗಿಲು ತೆರೆದದ್ದು. ಕಂಟ್ರೋಲ್ ಓಡಿಸಿದೆ — ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್. ಯಂತ್ರ ಅದನ್ನು ಸರಿಯಾಗಿ ಓದಿದ ಮೇಲೆಯೇ ಜನರ ರಕ್ತ ಮುಟ್ಟುವುದು. ಎಲ್ಲ ಗೆರೆಯೊಳಗೆ. ಗ್ರಾಫ್ ಹಾಳೆಯಲ್ಲಿ ಪೆನ್ಸಿಲ್ ಚುಕ್ಕೆ ಇಟ್ಟೆ. ಈಗ ಯಂತ್ರವೇ ಚಾರ್ಟ್ ತೋರಿಸುತ್ತದೆ. ಆದರೂ ಹತ್ತೊಂಬತ್ತು ವರ್ಷದ ಅಭ್ಯಾಸ.

ಸಂಜೆ ನಾಲ್ಕಕ್ಕೆ ಹೊರಗಿನ ಸೆಂಟರುಗಳ ಪೆಟ್ಟಿಗೆಗಳು ಬಂದವು. ಸುಳ್ಯ, ಪಂಜ, ಸುಬ್ರಹ್ಮಣ್ಯ, ಕಡಬ. ಬೆಳಿಗ್ಗೆ ಅಲ್ಲಿ ರಕ್ತ ತೆಗೆಯುತ್ತಾರೆ, ಬಸ್ಸಿನಲ್ಲಿ ಪುತ್ತೂರಿಗೆ ಕಳಿಸುತ್ತಾರೆ, ಇಲ್ಲಿ ನಾವು ಪರೀಕ್ಷೆ ಮಾಡುತ್ತೇವೆ. ಕಡಬದಿಂದ ಹದಿನಾಲ್ಕು. ಒಂಬತ್ತು ಮಂದಿಗೆ ಪೊಟ್ಯಾಶಿಯಂ ಜಾಸ್ತಿ. ಐದರೊಳಗೆ ನಿಲ್ಲಬೇಕಾದ ಅಂಕಿ ಅದು; ಆರು ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಸೀರಂ — ಕಣ ಬಿಟ್ಟು ಉಳಿಯುವ ರಕ್ತದ ನೀರು — ತಿಳಿ ಹಳದಿ. ರಕ್ತಕಣ ಒಡೆದು ಪೊಟ್ಯಾಶಿಯಂ ಹೊರಬಂದಿದ್ದರೆ ಕೆಂಪಗಿರಬೇಕಿತ್ತು. ಎರಡನೇ ಸಲ ಓಡಿಸಿದೆ. ಅದೇ ಅಂಕಿ.

ಒಂಬತ್ತರಲ್ಲಿ ಒಬ್ಬರು ರುಖಿಯಮ್ಮ, 64 ವರ್ಷ. 5.8. ನವೆಂಬರಿನಿಂದ ಇದು ಮೂರನೇ ಸಲ.

ಪೆಟ್ಟಿಗೆ ಬಿಚ್ಚಿದ ನಿಯಾಝ್ — ನಮ್ಮ ಟೆಕ್ನಿಷಿಯನ್ — ಮೂಗು ಮುಚ್ಚಿಕೊಂಡ. "ಕಡಬದ್ದು ಇವತ್ತೂ ಬಂಗುಡೆ ಮೀನು, ಸರ್." ಎಲ್ಲರೂ ನಕ್ಕರು. ಬಸ್ಸಿನಲ್ಲಿ ಯಾವ ವಾಸನೆ ತಾನೇ ಬರುವುದಿಲ್ಲ!

ಊಟಕ್ಕೆ ಮೊದಲು ಇಪ್ಪತ್ತು ಪುಟ. ಹಿಮದ ದೇಶದ ಕಾದಂಬರಿ. ಅನುವಾದಕರು ಒಂದು ಮರದ ಹೆಸರನ್ನು ಹಾಗೆಯೇ ಬಿಟ್ಟಿದ್ದಾರೆ, ಅಡಿಟಿಪ್ಪಣಿ ಕೂಡ ಇಲ್ಲ. ಒಳ್ಳೆಯದೇ. ಹತ್ತಿರದ ಹೆಸರೊಂದನ್ನು ತಂದು ತುಂಬಿದ್ದರೆ ಸುಳ್ಳಾಗುತ್ತಿತ್ತು.

16 ಜನವರಿ

ಡಾಕ್ಟರ್ ಶೈಲೇಶ್ ಕರೆದರು. ಲ್ಯಾಬ್ ಅವರದು. ಕೂಗಾಡುವವರಲ್ಲ. ಅದಕ್ಕೇ ಹೆದರಿಕೆ.

"ಕುಶಾಲಪ್ಪ, ಇಬ್ಬರು ಡಾಕ್ಟ್ರುಗಳು ಫೋನ್ ಮಾಡಿದ್ರು. ಕಡಬದ ರಿಪೋರ್ಟ್ ನಂಬುದಾ ಬೇಡ್ವಾ ಅಂತ ಕೇಳ್ತಾರೆ. ನಾನು ಎಂತ ಹೇಳ್ಲಿ?"

"ಯಂತ್ರ ಸರಿ ಉಂಟು ಡಾಕ್ಟ್ರೇ."

"ಯಂತ್ರ ಸರಿ. ಬಾಕಿ ಮೂರು ಸೆಂಟರಿನದ್ದೂ ಸರಿ. ಮತ್ತೆ ಉಳಿದದ್ದು ಎಂತ? ಶೀಲಾವತಿಯ ಕೈ."

ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೆ, ಮುಷ್ಟಿ ಹಿಂಡಿಸಿದರೆ ಪೊಟ್ಯಾಶಿಯಂ ಸುಳ್ಳಾಗಿ ಏರುತ್ತದೆ, ನಿಜ. ಆದರೆ ಶೀಲಾವತಿ ಹನ್ನೊಂದು ವರ್ಷದಿಂದ ಕಡಬದಲ್ಲಿ ರಕ್ತ ತೆಗೆಯುತ್ತಿದ್ದಾಳೆ. ನರ ಸಿಗದ ಮುದುಕರು ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಮನೆ ನಡೆಯುವುದು ಅವಳೊಬ್ಬಳಿಂದ.

ಹೇಳಿದೆ. ಕೇಳಿಸಿಕೊಂಡರು.

"ಫೆಬ್ರವರಿ ಕೊನೆಯೊಳಗೆ ಕಾರಣ ತೋರಿಸಿ. ಇಲ್ಲದಿದ್ರೆ ಮಾರ್ಚಿಗೆ ಅಲ್ಲಿ ಬೇರೆ ಜನ."

20 ಜನವರಿ

ಮಂಗಳೂರಿನಲ್ಲಿ ಮೂರು ದಿನದ ಟ್ರೈನಿಂಗಿಗೆ ಕಳಿಸಿದ್ದರು ಒಮ್ಮೆ. ಜಪಾನಿನ ಕಾರ್ಖಾನೆಗಳಿಂದ ಬಂದ ಪದ್ಧತಿ. ತಪ್ಪು ಕಂಡರೆ ಯಾರು ಎಂದು ಕೇಳಬಾರದು, ಯಾಕೆ ಎಂದು ಕೇಳಬೇಕು. ಐದು ಸಲ. ಕಾರಣಗಳನ್ನೆಲ್ಲ ಮೀನಿನ ಮುಳ್ಳಿನ ಹಾಗೆ ಗೆರೆ ಎಳೆದು ಬರೆಯಬೇಕು. ಬದಲಾವಣೆ ಮಾಡಿದರೆ ಅಳೆದು ನೋಡಬೇಕು.

ಇವತ್ತು ಗೋಡೆಗೆ ಚಾರ್ಟ್ ಪೇಪರ್ ಅಂಟಿಸಿ ಅದನ್ನೇ ಮಾಡಿದೆವು. ಕಳೆದ ವರ್ಷದ ಅಂಕಿಗಳನ್ನು ತಿಂಗಳ ಪ್ರಕಾರ ಬರೆದುಕೊಂಡಿದ್ದೆ. ಜೂನ್, ಜುಲೈ — ಕಡಬ ಪೂರ್ತಿ ಸರಿ. ಉಳಿದ ತಿಂಗಳು ಜಾಸ್ತಿ. ಯಾಕೆ? ಮಳೆಗಾಲದಲ್ಲಿ ತಂಪು. ಹಾಗಾದರೆ ಉಳಿದ ದಿನ? ಸೆಕೆ. ಬೇರೆ ಸೆಂಟರುಗಳಿಗಿಂತ ಹೆಚ್ಚು ಹೊತ್ತು ಬಸ್ಸಿಗೆ ಕಾಯುವ ಕಡಬದ ಪೆಟ್ಟಿಗೆ ಬಿಸಿಯಾಗುತ್ತದೆ, ರಕ್ತ ಕೆಡುತ್ತದೆ. ಮೂರನೆಯ 'ಯಾಕೆ'ಗೇ ಉತ್ತರ ಬಂದುಬಿಟ್ಟಿತು. ನಾಲ್ಕು, ಐದು ಬೇಕೆನಿಸಲಿಲ್ಲ.

ಖುಷಿಯಾಯಿತು. ಬರೆದಿಡುತ್ತೇನೆ — ಬಹಳ ಖುಷಿಯಾಯಿತು.

24 ಜನವರಿ, ಶುಕ್ರವಾರ

ಕಡಬಕ್ಕೆ ಹೋಗಿ ಬಂದೆ. ಕಣ್ಣಾರೆ ನೋಡದೆ ಬರೆಯಬಾರದೆಂದು ಟ್ರೈನಿಂಗಿನಲ್ಲಿ ಹೇಳಿದ್ದರು. ಶುಕ್ರವಾರ ಲ್ಯಾಬಿನಲ್ಲಿ ಕೆಲಸ ಕಡಿಮೆ, ಅದಕ್ಕೆ ಇವತ್ತು.

ಬಾಗಿಲಲ್ಲೇ ಶೀಲಾವತಿ — "ಕುಶಾಲಣ್ಣ, ನನ್ನ ಕೈ ನೋಡ್ಲಿಕ್ಕೆ ಬಂದದ್ದಾ, ಪೆಟ್ಟಿಗೆ ನೋಡ್ಲಿಕ್ಕಾ?"

"ಎರಡೂ."

"ಹಾಗಾದ್ರೆ ಮೊದ್ಲು ಕೈ ನೋಡಿ. ಜೋಯಿಸರಿಗೆ ತೋರಿಸಿ ಅಭ್ಯಾಸ ಉಂಟು."

ಹಾಗೆ ಅಂದವಳು ನಗಲಿಲ್ಲ. ನಾನೂ ನಗಲಿಲ್ಲ. ವಾಚ್ ಹಿಡಿದು ಕುಳಿತೆ. ಪಟ್ಟಿ ಕಟ್ಟಿದ್ದು ಸರಾಸರಿ ನಲವತ್ತು ಸೆಕೆಂಡ್. ಮುಷ್ಟಿ ಹಿಂಡಿಸುವುದಿಲ್ಲ. ಹತ್ತೂವರೆಗೆ ಪೆಟ್ಟಿಗೆ ಮುಚ್ಚಿದಳು. ಎರಡು ಗಂಟೆಯ ಬಸ್ಸಿನ ತನಕ ಅದನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು, ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ರಕ್ತ ತೆಗೆಯುವುದು ಕ್ರಮ. ಇವತ್ತು ಅಲ್ಲಿಯ ಮೆಡಿಕಲ್ ಅಂಗಡಿಯ ಕಪಾಟಿನಲ್ಲಿಟ್ಟಳು. "ಬೇರೆ ದಿನ ಇಲ್ಲಿ ಇಡುದು," ಎಂದು ಪಕ್ಕದ ಮುಚ್ಚಿದ ಬಾಗಿಲು ತೋರಿಸಿದಳು. "ಶುಕ್ರವಾರ ಅವ್ರು ಬೇಗ ಬಂದ್ ಮಾಡ್ತಾರೆ." ಬರೆದುಕೊಂಡೆ. ಎರಡೂ ಕಡೆ ನೆರಳು.

ಕೈಯಲ್ಲಿ ತಪ್ಪಿಲ್ಲ. ಸೆಕೆಯೇ.

27 ಜನವರಿ

ಕಡಬದ ಪೆಟ್ಟಿಗೆಗೆ ಇನ್ನು ಮೇಲೆ ಒಂದರ ಬದಲು ಎರಡು ಐಸ್ ಪ್ಯಾಕ್. ಆದೇಶ ಬರೆದು ನಾನೇ ಸಹಿ ಹಾಕಿದೆ.

19 ಫೆಬ್ರವರಿ

ಮೂರು ವಾರದ ಅಂಕಿ ಕೂಡಿಸಿದೆ. ಕಡಬದ ನಡು ಅಂಕಿ ಮೊದಲು 5.3 ಇತ್ತು. ಈಗ 5.6.

ಕಡಿಮೆಯಾಗಲಿಲ್ಲ. ಜಾಸ್ತಿಯಾಗಿದೆ.

ಲೆಕ್ಕ ತಪ್ಪಿರಬೇಕೆಂದು ಪುನಃ ಕೂಡಿಸಿದೆ. ತಪ್ಪಿಲ್ಲ.

ಡಾಕ್ಟರ್ — "ಕಾರಣ ಹುಡುಕಿ ಅಂದ್ರೆ ರೋಗ ಹೆಚ್ಚು ಮಾಡಿದ್ರಿ." ಸಮಾಧಾನದಲ್ಲೇ ಹೇಳಿದರು. ಮಾರ್ಚಿಗೆ ಬೇಕಾದ ಜನವನ್ನು ನೋಡಿಟ್ಟಿದ್ದಾರಂತೆ.

ಅದು ಕಡಬಕ್ಕೂ ಮುಟ್ಟಿದೆ. ಮಧ್ಯಾಹ್ನ ಶೀಲಾವತಿಯ ಫೋನ್. "ಹನ್ನೊಂದು ವರ್ಷ ಆಯ್ತು ಕುಶಾಲಣ್ಣ. ತೆಗಿಯುದಾದ್ರೆ ತೆಗೀಲಿ. ಆದ್ರೆ ಕೈ ಸರಿ ಇಲ್ಲ ಅಂತ ತೆಗ್ದ್ರೆ ಮತ್ತೆ ನನಗೆ ಸೂಜಿ ಯಾರು ಕೊಡ್ತಾರೆ?"

ರಾತ್ರಿ ಪುಸ್ತಕ ತೆರೆದೆ, ಓದಲಾಗಲಿಲ್ಲ.

22 ಫೆಬ್ರವರಿ, ಶನಿವಾರ

ಇರ್ಫಾನಾ ಬಂದಿದ್ದರು. ನಮ್ಮ ರಿಪೋರ್ಟ್ ಸಾಫ್ಟ್‌ವೇರ್ ಅವರದು. ಸುಳ್ಯ ಪೇಟೆಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆ ಅವರ ಕಂಪೆನಿ. ಮೂವತ್ತೊಂದು ವಯಸ್ಸಿರಬಹುದು. ಮಾತು ಚುರುಕು. ಹೊಸದೊಂದು ಭಾಗ ಸೇರಿಸಲು ಬಂದದ್ದು.

ನನ್ನ ಗ್ರಾಫ್ ಹಾಳೆಗಳ ಕಟ್ಟು ನೋಡಿದರು. ಒಂದೊಂದೇ ತಿರುಗಿಸಿದರು. ತಮಾಷೆ ಮಾಡುತ್ತಾರೆಂದುಕೊಂಡಿದ್ದೆ.

"ಸರ್, ನಾನು ತಂದದ್ದೂ ಇದನ್ನೇ. ನಿಮ್ಮ ಪೆನ್ಸಿಲ್ ಕೆಲಸ. ನೀವು ದಿನಕ್ಕೆ ಹತ್ತು ಚುಕ್ಕೆ ಇಡ್ತೀರಿ. ಇದು ಬಂದ ಎಲ್ಲ ರಕ್ತಕ್ಕೂ ಇಡ್ತದೆ. ಎಲ್ಲಿಂದ ಬಂತು, ಯಾರು ತೆಗ್ದದ್ದು, ಯಾವ ದಿನ, ಎಷ್ಟು ಗಂಟೆ — ಎಲ್ಲ ದಿಕ್ಕಿನಿಂದ ನೋಡ್ತದೆ. ಇದಕ್ಕೆ ಬೇಜಾರು ಬರುದಿಲ್ಲ, ಅಷ್ಟೇ ವ್ಯತ್ಯಾಸ."

"ಕಾರಣ ಹೇಳುತ್ತದೆಯೇ?"

"ಇಲ್ಲ. ಯಾವಾಗ ಅಂತ ಹೇಳ್ತದೆ. ಯಾಕೆ ಅಂತ ಅದಕ್ಕೆ ಗೊತ್ತಾಗುದಿಲ್ಲ."

ಎರಡೂವರೆ ವರ್ಷದ ದಾಖಲೆ ಅದಕ್ಕೆ ಕೊಟ್ಟು ಹೋದರು. ನಲವತ್ತೊಂದು ಸಾವಿರ ಅಂಕಿ. ನಾನು ದಿನಕ್ಕೆ ಹತ್ತರಂತೆ ಇಡುತ್ತ ಹೋದರೆ... ಹನ್ನೊಂದು ವರ್ಷ. ಅದು ಸೋಮವಾರದೊಳಗೆ ಮುಗಿಸುತ್ತದಂತೆ.

24 ಫೆಬ್ರವರಿ, ಸೋಮವಾರ

ಇವತ್ತಿನದನ್ನು ಕ್ರಮವಾಗಿ ಬರೆಯಬೇಕು. ಒಂದು ಶಬ್ದವೂ ಹೆಚ್ಚಾಗಬಾರದು.

ಪರದೆಯ ಮೇಲೆ ಕಡಬದ ಪೊಟ್ಯಾಶಿಯಂ. ಒಂದು ದಿನಕ್ಕೆ ಒಂದು ಚುಕ್ಕೆ. ದೂರದಿಂದ ನೋಡಿದರೆ ಎತ್ತರದ ಗದ್ದೆ, ನಡುವೆ ತಗ್ಗಿನ ಗದ್ದೆ, ಪುನಃ ಎತ್ತರ. ತಗ್ಗು ಕಳೆದ ವರ್ಷದ ಜೂನ್, ಜುಲೈ. ನನಗೆ ಗೊತ್ತಿದ್ದದ್ದೇ. ಅದರ ಹಿಂದಿನ ವರ್ಷವೂ ಅದೇ ತಗ್ಗು.

"ಮಳೆ," ಎಂದೆ.

ಇರ್ಫಾನಾ ತಗ್ಗಿನ ಎರಡು ಅಂಚುಗಳನ್ನು ದೊಡ್ಡದು ಮಾಡಿದರು. ಮಳೆ ಮೆಲ್ಲನೆ ಬರುತ್ತದೆ, ಮೆಲ್ಲನೆ ಹೋಗುತ್ತದೆ. ಈ ಅಂಚುಗಳು ಕತ್ತಿಯಲ್ಲಿ ಕಡಿದ ಹಾಗಿದ್ದವು. ಜೂನ್ ಮೂರಕ್ಕೆ ಇಳಿದದ್ದು, ಆಗಸ್ಟ್ ಮೂರಕ್ಕೆ ಏರಿದ್ದು. ಕಳೆದ ಆಗಸ್ಟ್ ಮೊದಲ ವಾರ ನನಗೆ ಚೆನ್ನಾಗಿ ನೆನಪುಂಟು — ಮಳೆ ಬಿಟ್ಟಿರಲೇ ಇಲ್ಲ. ಜುಲೈಯಷ್ಟೇ ತಂಪು. ಆದರೂ ಅಂಕಿ ಏರಿದೆ.

ಸೆಕೆ ಅಲ್ಲ. ಕಾರಣ ಸೆಕೆ ಯಾವತ್ತೂ ಆಗಿರಲಿಲ್ಲ.

ನಾನು ತಿಂಗಳುಗಳನ್ನು ಮಾತ್ರ ನೋಡಿದ್ದೆ. ಅದು ದಿನಗಳನ್ನು ನೋಡಿದೆ.

ಆಮೇಲೆ ಇನ್ನೊಂದು. ವಾರದ ಪ್ರಕಾರ ಜೋಡಿಸಿದರು. ಸೋಮವಾರದಿಂದ ಗುರುವಾರ ಎತ್ತರ, ಶನಿವಾರ ಎತ್ತರ. ಶುಕ್ರವಾರ ತಗ್ಗು. ಎರಡೂವರೆ ವರ್ಷದ ಎಲ್ಲ ಶುಕ್ರವಾರಗಳೂ. ಎತ್ತರಕ್ಕೂ ತಗ್ಗಿಗೂ ಅಂತರ ಸುಮಾರು 0.9.

ನಾನು ಕಡಬಕ್ಕೆ ಹೋದದ್ದು ಶುಕ್ರವಾರ.

ಡಾಕ್ಟರ್ ಹಿಂದೆ ಬಂದು ನಿಂತಿದ್ದರು. "ಒಳ್ಳೇದಾಯ್ತಲ್ಲ. ಕಡಬದ್ದಕ್ಕೆ 0.9 ಕಳೆಯುವ ಹಾಗೆ ಪ್ರೋಗ್ರಾಂ ಮಾಡ್ಲಿಕ್ಕೆ ಆಗ್ತದಾ?"

"ಆಗ್ತದೆ ಡಾಕ್ಟ್ರೇ. ಹತ್ತು ನಿಮಿಷದ ಕೆಲಸ." ಇರ್ಫಾನಾ ಮುಖ ತಿರುಗಿಸದೆ ಹೇಳಿದರು. "ಶುಕ್ರವಾರ ಎಂತ ಮಾಡುದು? ಜೂನಿನಲ್ಲಿ ಎಂತ ಮಾಡುದು? ನಿಜವಾಗಿ ಜಾಸ್ತಿ ಇದ್ದವರಿಗೆ ಎಂತ ಮಾಡುದು? ತಪ್ಪು ಕೆಲ್ಸಕ್ಕೆ ಕಂಪ್ಯೂಟರ್ ಜೋಡ್ಸಿದ್ರೆ ತಪ್ಪು ಬೇಗ ಬೇಗ ಆಗ್ತದೆ, ಅಷ್ಟೆ."

ಡಾಕ್ಟರ್ ಬಾಗಿಲ ತನಕ ಹೋಗಿ ತಿರುಗಿದರು. "ಶುಕ್ರವಾರ ಆಯಮ್ಮನ ಕೈ ಸರಿ ಇರ್ತದಾ ಹಾಗಾದ್ರೆ?" ಎಂದು ಹೇಳಿ ಹೋದರು. ಇನ್ನು ನಾಲ್ಕು ದಿನ.

ಇರ್ಫಾನಾ ಪರದೆಯನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ನಕ್ಕರು. "ಸರ್, ಜೂನ್ ಒಂದರಿಂದ ಜುಲೈ ಮೂವತ್ತೊಂದು ಅಂದ್ರೆ ಎಂತ ಹೇಳಿ? ನಮ್ಮ ಮನೇಲಿ ಹಸಿಮೀನು ಇಲ್ಲದ ದಿನಗಳು. ಬೋಟಿನವ್ರು ಕಡಲಿಗೆ ಇಳಿಯುದಿಲ್ಲ. ನಿಷೇಧ. ನಿಮ್ಮ ಕಡಬದ ಪೊಟ್ಯಾಶಿಯಂ ಮೀನು ತಿಂತದೆ ಸರ್."

ಅವರು ತಮಾಷೆಗೆ ಹೇಳಿದ್ದು. ನನಗೆ ನಗು ಬರಲಿಲ್ಲ. ನಿಯಾಝ್ ಮೂಗು ಮುಚ್ಚಿಕೊಂಡು ಪೆಟ್ಟಿಗೆ ಬಿಚ್ಚುವುದು ಕಣ್ಣಮುಂದೆ ಬಂತು. ಮುಚ್ಚಿದ ಆ ಬಾಗಿಲು... ಅದು ಏನಂಗಡಿ ಎಂದು ನಾನು ಕೇಳಿರಲೇ ಇಲ್ಲ.

ಮನೆಗೆ ನಡೆದುಕೊಂಡೇ ಬಂದೆ. ಕಡಲು ಇಲ್ಲಿಂದ ಐವತ್ತು ಕಿಲೋಮೀಟರ್. ಕಡಬದಿಂದ ಇನ್ನೂ ದೂರ. ಬೋಟುಗಳನ್ನು ಕಟ್ಟಿದ ದಿನ, ಬಿಚ್ಚಿದ ದಿನ — ಎರಡೂ ಘಟ್ಟದ ಬುಡದ ಜನರ ರಕ್ತದ ಅಂಕಿಯಲ್ಲಿ ಬರೆದಿತ್ತು. ಎರಡು ವರ್ಷ ನಮ್ಮ ಕಪಾಟಿನಲ್ಲೇ ಇತ್ತು. ಕಡಲೆಂಬ ಶಬ್ದವೇ ಗೊತ್ತಿಲ್ಲದ ಒಂದು ಪ್ರೋಗ್ರಾಂ ಅದನ್ನು ಓದಿ ತೋರಿಸಿತು. ಕಡಲನ್ನೇ ಕಾಣದವನು ಕಡಲನ್ನು ಅನುವಾದಿಸಿದ ಹಾಗೆ. ಒಂದು ಅಲೆಯೂ ಬಿಟ್ಟುಹೋಗಿಲ್ಲ.

27 ಫೆಬ್ರವರಿ, ಗುರುವಾರ

ಇರ್ಫಾನಾ ಸುಳ್ಯದಿಂದ, ನಾನು ಪುತ್ತೂರಿನಿಂದ. ಕಡಬ ಬಸ್ ಸ್ಟ್ಯಾಂಡಿನಲ್ಲಿ ಹನ್ನೊಂದಕ್ಕೆ ಸೇರಿದೆವು. ಶೀಲಾವತಿಗೆ ಹೇಳಿರಲಿಲ್ಲ. ಪೆಟ್ಟಿಗೆಯ ದಾರಿಯನ್ನು ಮಾತ್ರ ನೋಡುವುದೆಂದು ನಿಶ್ಚಯ.

ಆ ಬಾಗಿಲು ಇವತ್ತು ತೆರೆದಿತ್ತು. ಮೀನಿನ ಅಂಗಡಿ. ಕುಂಞಿ ಮೋನು — ಅರುವತ್ತರ ಹತ್ತಿರ, ಬಿಳಿ ಬನಿಯನ್ — ಬೂತಾಯಿ ಮೀನು ತೂಗುತ್ತಿದ್ದರು. ನಮ್ಮ ಪೆಟ್ಟಿಗೆ ಅವರ ಹಿಂದೆ, ನೆರಳಿನಲ್ಲಿ, ಮರದ ಮಣೆಯ ಮೇಲೆ. ಗಿರಾಕಿ ಹೋದ ಮೇಲೆ ಕೈ ತೊಳೆದರು. ಸೋಪು ಹಾಕಿ ತೊಳೆದರು. ಒಂದು ಪ್ಲಾಸ್ಟಿಕ್ ತೊಟ್ಟೆಗೆ ಪುಡಿ ಐಸ್ ತುಂಬಿ ಬಾಯಿ ಕಟ್ಟಿದರು. ನಮ್ಮ ಪೆಟ್ಟಿಗೆಯ ಮುಚ್ಚಳ ತೆಗೆದು, ರಕ್ತದ ಟ್ಯೂಬುಗಳ ಮೇಲೆ ಆ ತೊಟ್ಟೆ ಮಲಗಿಸಿ, ಮುಚ್ಚಿದರು. ಮಗುವಿಗೆ ಹೊದೆಸುವ ಹಾಗೆ.

ಇರ್ಫಾನಾ ಬ್ಯಾರಿ ಭಾಷೆಯಲ್ಲಿ ಏನೋ ಕೇಳಿದರು. ನನ್ನನ್ನು ತೋರಿಸಿದರು. ಕುಂಞಿ ಮೋನು ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು.

"ಎಂತ ಮಾರಾಯ್ರೆ, ರಕ್ತ ಅಲ್ವಾ? ಬಂಗುಡೆಗೆ ಐಸ್ ಹಾಕ್ತೇನೆ. ಮನುಷ್ಯರ ರಕ್ತಕ್ಕೆ ಹಾಕದೆ ಇರ್ಲಿಕ್ಕೆ ಆಗ್ತದಾ?"

"ಯಾವಾಗಿನಿಂದ ಹಾಕುತ್ತಿದ್ದೀರಿ?"

"ಎರಡೂವರೆ ವರ್ಷದ ಮೇಲಾಯ್ತು. ಒಂದು ದಿನ ಸೆಕೆ ಅಂದ್ರೆ ಸೆಕೆ. ಮುಟ್ಟಿ ನೋಡಿದ್ರೆ ನಿಮ್ಮ ಆ ನೀಲಿ ಐಸ್ ಪ್ಯಾಕೆಟ್ ಮೆತ್ತಗೆ ಆಗಿತ್ತು. ಪಾಪ, ಆ ಶೀಲಾವತಿ ಬಿಸಿಲಿಗೆ ತಿರುಗ್ತಾಳೆ, ಅವಳ ಕೆಲ್ಸ ಹಾಳಾಗ್ಬಾರ್ದಲ್ಲ. ಅವಳಿಗೆ ಹೇಳ್ಲಿಲ್ಲ. ಇಂಥದ್ದೆಲ್ಲ ಹೇಳುದು ಎಂತಕ್ಕೆ?"

"ನಾವು ಐಸ್ ಕಂಡದ್ದೇ ಇಲ್ಲ."

"ಬಸ್ ಬರುವಾಗ ತೆಗೀತೇನೆ. ನೀರು ಸೋರಿದ್ರೆ ಆ ಕಂಡಕ್ಟರ್ ಬೊಬ್ಬೆ ಹೊಡೀತಾನೆ. ಒರೆಸಿಯೇ ಕೊಡುದು."

"ಜೂನ್ ಜುಲೈಯಲ್ಲಿ?"

"ಮೀನೇ ಇಲ್ಲ, ಐಸ್ ಎಲ್ಲಿಂದ? ಆಗ ನಾನು ರಂಬುಟಾನ್ ಮಾರುದು."

ಇಷ್ಟೇ. ಎರಡೂವರೆ ವರ್ಷದ ಗದ್ದೆ, ತಗ್ಗು, ಕತ್ತಿಯ ಅಂಚು — ಎಲ್ಲವೂ ಆ ಒಂದು ತೊಟ್ಟೆ.

ರಕ್ತಕಣದ ಗೋಡೆಯಲ್ಲಿ ಪಂಪಿನಂಥದೊಂದಿದೆ; ಪೊಟ್ಯಾಶಿಯಮ್ಮನ್ನು ಕಣದೊಳಗೆ ಎಳೆದಿಟ್ಟುಕೊಳ್ಳುವುದು ಅದು. ತಣ್ಣಗಾದರೆ ಪಂಪ್ ನಿಲ್ಲುತ್ತದೆ. ಕಣ ಒಡೆಯುವುದಿಲ್ಲ, ಸೀರಂ ಕೆಂಪಾಗುವುದಿಲ್ಲ, ಪೊಟ್ಯಾಶಿಯಂ ಮಾತ್ರ ಸದ್ದಿಲ್ಲದೆ ಹೊರಗೆ ಜಿನುಗುತ್ತದೆ. ಡಿಪ್ಲೊಮಾದಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆದರೆ ಈ ಊರಿನಲ್ಲಿ ಹಾಳುಮಾಡುವುದೆಲ್ಲ ಸೆಕೆಯೇ, ಉಳಿಸುವುದೆಲ್ಲ ಐಸೇ. ಕುಂಞಿ ಮೋನು ಹಾಗೆ ಯೋಚಿಸಿದರು. ನಾನೂ ಹಾಗೆಯೇ ಯೋಚಿಸಿದೆ. ಅವರು ಒಂದು ತೊಟ್ಟೆ ಇಟ್ಟರು. ನಾನು ಸಹಿ ಹಾಕಿ ಇನ್ನೊಂದು ಪ್ಯಾಕ್ ಇಟ್ಟೆ.

ಕುಂಞಿ ಮೋನು ನಮ್ಮ ಮುಖ ನೋಡಿ ಹೆದರಿದರು. "ತೊಂದ್ರೆ ಆಯ್ತಾ? ಯಾರಿಗಾದ್ರೂ?" ಇರ್ಫಾನಾ ಅವರ ಪಕ್ಕ ಕುಳಿತು ಬ್ಯಾರಿಯಲ್ಲಿ ತುಂಬ ಹೊತ್ತು ಮಾತಾಡಿದರು. ಏನು ಹೇಳಿದರೋ. ಕೊನೆಗೆ ಕುಂಞಿ ಮೋನು ತೊಟ್ಟೆಯನ್ನು ಹೊರತೆಗೆದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದರು.

ಬಸ್ಸಿಗೆ ಕಾಯುವಾಗ ಇರ್ಫಾನಾ — "ಸರ್, ನಿಮ್ಮ ಚಾರ್ಟಿನಲ್ಲಿ ಮುಳ್ಳೆಲ್ಲ ಉಂಟು. ಮೀನು ಮಾತ್ರ ಇರ್ಲಿಲ್ಲ."

28 ಫೆಬ್ರವರಿ

ಕೊನೆಯ ದಿನ. ಬೆಳಿಗ್ಗೆ ಶೀಲಾವತಿಯನ್ನು ಪುತ್ತೂರಿಗೆ ಕರೆಸಿದೆ. ನನ್ನ ತೋಳು ಚಾಚಿದೆ. ಡಾಕ್ಟರ್ ಎದುರಿಗೇ.

"ಎಷ್ಟು ಟ್ಯೂಬ್?"

"ಎರಡು."

"ಒಂದಕ್ಕೆ ಸಾಕಾಗುವಷ್ಟಾದ್ರೂ ಉಂಟಾ ನಿಮ್ಮಲ್ಲಿ, ನೋಡುವ." ಸೂಜಿ ಹೋದದ್ದು ಗೊತ್ತಾಗಲಿಲ್ಲ.

ಒಂದು ಟ್ಯೂಬ್ ಮೇಜಿನ ಮೇಲೆ. ಇನ್ನೊಂದು ಐಸಿನಲ್ಲಿ. ಏಳು ಗಂಟೆ ಹೊತ್ತು ಕಾದೆವು. ಒಂದೇ ತೋಳು, ಒಂದೇ ಸೂಜಿ, ಒಂದೇ ಕೈ.

ಮೇಜಿನದು 4.3. ಐಸಿನದು 5.3.

ಡಾಕ್ಟರ್ ಎರಡು ಟ್ಯೂಬುಗಳನ್ನೂ ಬೆಳಕಿಗೆ ಹಿಡಿದು ನೋಡಿದರು. ಒಂದೇ ಬಣ್ಣ. ಬಹಳ ಹೊತ್ತು ನೋಡಿದರು.

ವರದಿಯಲ್ಲಿ 'ಹೊಣೆ' ಎಂಬ ಕಾಲಂ ಉಂಟು. ಜನವರಿ 27ರ ಆದೇಶದಿಂದ ತೊಂದರೆ ಹೆಚ್ಚಾಯಿತೆಂದು ಬರೆದು ನನ್ನ ಹೆಸರು ಹಾಕಿದೆ. ಓದಿದರು. "ಐಸಿನದ್ದು ಒಪ್ಪಿದೆ. ಆದ್ರೆ ಕೈಯದ್ದೂ ಸ್ವಲ್ಪ ಇರ್ಬಹುದಲ್ಲ? ಹಳೇ ಪೇಶೆಂಟ್ಸ್ ಹತ್ತು ಜನ. ಐಸ್ ಇಲ್ಲದೆ, ಅವಳೇ ತೆಗೀಲಿ. ಸರಿ ಬಂದ್ರೆ ಅವಳು ಇರ್ತಾಳೆ. ಇಲ್ಲದಿದ್ರೆ ಇಲ್ಲ."

ನ್ಯಾಯವೇ. ನಾನಾದರೂ ಅದನ್ನೇ ಕೇಳುತ್ತಿದ್ದೆ. ಶೀಲಾವತಿ ಹೊರಗೆ ಬೆಂಚಿನಲ್ಲಿ ಕುಳಿತಿದ್ದಳು. ಹೇಳಿದೆ. ಹೂಂ ಎಂದು ತಲೆಯಾಡಿಸಿ ಬಸ್ಸಿಗೆ ಎದ್ದಳು.

1 ಮಾರ್ಚ್

ಹಳೆಯ ಸಣ್ಣ ಸೆಂಟ್ರಿಫ್ಯೂಜ್ ಒಂದು ಸ್ಟೋರಿನಲ್ಲಿತ್ತು. ಟ್ಯೂಬನ್ನು ಗಿರ್ರನೆ ತಿರುಗಿಸಿ ಸೀರಂ ಬೇರೆ ಮಾಡುವ ಯಂತ್ರ. ಒರೆಸಿ ಓಡಿಸಿ ನೋಡಿದೆ. ಇದು ಕಡಬಕ್ಕೆ. ರಕ್ತ ತೆಗೆದ ಅರ್ಧ ಗಂಟೆಯಲ್ಲಿ ಅಲ್ಲೇ ಬೇರೆಯಾದರೆ ಆಮೇಲೆ ಸೆಕೆಯೂ ಅಷ್ಟು ಕೆಡಿಸದು, ಐಸೂ ಕೆಡಿಸದು.

ಇರ್ಫಾನಾ ಫೋನಿನಲ್ಲಿ ಮುಂದಿನದು ಹೇಳಿದರು. ನಾಣ್ಯದಷ್ಟು ದೊಡ್ಡ ಸೆನ್ಸರ್, ಪೆಟ್ಟಿಗೆಯ ಒಳಗೆ. ನಿಮಿಷಕ್ಕೊಮ್ಮೆ ಎಷ್ಟು ತಂಪು ಎಂದು ಹೇಳುತ್ತದೆ. ತೀರ ತಣ್ಣಗಾಗಿದ್ದರೆ ರಿಪೋರ್ಟ್ ಹೊರಬೀಳುವ ಮೊದಲೇ ಸಾಫ್ಟ್‌ವೇರ್ ತಡೆದು ನಿಲ್ಲಿಸುತ್ತದೆ. ಇನ್ನು ನಾಲ್ಕೈದು ವರ್ಷದಲ್ಲಿ, ಈ ಥರದ ಏರುಪೇರು ಬೇರೆಲ್ಲಿ ಏಕೆ ಬಂದಿತ್ತೆಂದು ಹುಡುಕಿ ತಾನೇ ಹತ್ತು ಊಹೆ ಮುಂದಿಡುತ್ತದಂತೆ.

"ಆಗ ನಾನು ಯಾಕೆ?"

"ಕುಂಞಿ ಮೋನಾಕನ ಮೀನಿನ ಅಂಗಡಿಗೆ ಹೋಗಿ ನಿಲ್ಲುದು ಯಾರು ಸರ್? ಗುರುವಾರ?"

ನಾನು ಶುಕ್ರವಾರ ಹೋದದ್ದನ್ನು ಮರೆತಿಲ್ಲ ಅವರು.

ಆದರೂ ಇಡೀ ದಿನ ಅದೇ ತಲೆಯಲ್ಲಿ. ಪೆಟ್ಟಿಗೆ ತನ್ನ ಕತೆ ತಾನೇ ಹೇಳುವ ದಿನ. ರಕ್ತದ ಒಂದು ಟ್ಯೂಬ್ ತಾನು ಎಲ್ಲಿ ಕುಳಿತಿದ್ದೆ, ಯಾರು ಮುಟ್ಟಿದರು, ಎಷ್ಟು ಹೊತ್ತು ಕಾದೆ ಎಂದು ಹೇಳುವ ದಿನ. ಅದನ್ನು ನೋಡಲು ನಾನಿರುತ್ತೇನೆ ಅನ್ನಿಸುತ್ತದೆ. ಇರಬೇಕೆನಿಸುತ್ತದೆ.

ನಾಳೆಯಿಂದ ಕಡಬದ ಬ್ಯಾರಿಗಳ ಮನೆಗಳಲ್ಲಿ ರಂಝಾನ್ ಉಪವಾಸ. ರುಖಿಯಮ್ಮನ ವಿಷಯ ಶೀಲಾವತಿ ಹೇಳಿದಳು. ನಮ್ಮ ಮೂರು ರಿಪೋರ್ಟ್ ನಂಬಿ ಅವರ ಡಾಕ್ಟರು ಬಿಪಿ ಮಾತ್ರೆ ಬದಲಾಯಿಸಿದ್ದಾರೆ. ಪೊಟ್ಯಾಶಿಯಂ ಇರುವ ಬಾಳೆಹಣ್ಣು, ಎಳನೀರು, ಖರ್ಜೂರ ಎಲ್ಲ ಬಂದ್. ಹತ್ತರ ಪಟ್ಟಿಯಲ್ಲಿ ಅವರ ಹೆಸರು ಹಾಕಿದೆ.

5 ಮಾರ್ಚ್, ಬುಧವಾರ

ಬೆಳಿಗ್ಗೆ 8.15, ಕಡಬ. ಹತ್ತು ಮಂದಿಯೂ ಬಂದಿದ್ದಾರೆ. ಬೆಂಚು ಸಾಲದೆ ಇಬ್ಬರು ಮೆಟ್ಟಿಲಲ್ಲಿ.

ರುಖಿಯಮ್ಮ ಚಾದರದೊಳಗಿಂದ ತೋಳು ಹೊರತೆಗೆದರು. "ನೋಂಬು ಉಂಟು. ರಕ್ತ ತೆಗ್ದ್ರೆ ಮುರಿಯುದಿಲ್ಲ ಅಲ್ವಾ?"

"ಮಸೀದಿಯ ಉಸ್ತಾದರಿಗೆ ಕೇಳಿಯೇ ಬಂದಿದ್ದೀರಿ ನೀವು," ಎಂದಳು ಶೀಲಾವತಿ. "ಸುಮ್ನೆ ನನ್ನನ್ನು ಪರೀಕ್ಷೆ ಮಾಡ್ಬೇಡಿ. ಇವತ್ತು ಬೇಕಾದಷ್ಟು ಪರೀಕ್ಷೆ ಉಂಟು ನನಗೆ."

"ಬರೇ ನೀರಲ್ಲಿ ನೋಂಬು ಬಿಡುದು ಈ ಸಲ. ಮೊಮ್ಮಕ್ಕಳು ಖರ್ಜೂರ ಅಡಗಿಸಿ ಇಡ್ತಾರೆ. ನಾನು ಕದಿಯುವವಳ ಹಾಗೆ."

ಶೀಲಾವತಿ ಅವರ ತೋಳನ್ನು ಮೆಲ್ಲನೆ ಮೇಜಿನ ಮೇಲೆ ಸರಿಮಾಡಿ ಇಟ್ಟಳು. ಆಮೇಲೆ ಪಟ್ಟಿ ಕಟ್ಟಿದಳು. ಮೂವತ್ತೆಂಟು ಸೆಕೆಂಡ್.

2.10, ಬಸ್. ಪೆಟ್ಟಿಗೆ ನನ್ನ ತೊಡೆಯ ಮೇಲೆ. ಸೀರಂ ಎಲ್ಲ ಅಲ್ಲೇ ಬೇರೆಯಾಗಿದೆ. ಯಾರ ಕೈಗೂ ಕೊಡಲಿಲ್ಲ.

4.25, ಲ್ಯಾಬ್. ಕಂಟ್ರೋಲ್ ಸರಿ ಉಂಟು. ಮೊದಲ ಐದು ಟ್ಯೂಬ್ ಒಳಗೆ. ಡಾಕ್ಟರ್ ಕುರ್ಚಿ ಎಳೆದು ಕುಳಿತಿದ್ದಾರೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

4.38ಕ್ಕೆ ಅಂಕಿಗಳು ಬಂದವು: 4.4. 4.1. 4.7. 4.3. ಐದನೆಯದು — 5.9.

ಡಾಕ್ಟರ್ ಬೆರಳಿಟ್ಟರು. "ಇದು?"

ಆದಂ ಕುಂಞಿ, 71. ಹಳೆಯ ಕಡತ ತೆಗೆದೆ. ಕಿಡ್ನಿ ಕಾಯಿಲೆ. ಕಳೆದ ತಿಂಗಳು ಮಂಗಳೂರಿನ ಬೇರೆ ಲ್ಯಾಬಿನಲ್ಲಿ ಮಾಡಿಸಿದ ರಿಪೋರ್ಟಿನ ಪ್ರತಿ ಉಂಟು. ಅಲ್ಲಿಯೂ 5.8. ಇದು ನಿಜವಾದ ಜಾಸ್ತಿ. 0.9 ಕಳೆದಿದ್ದರೆ ಈ ಮನುಷ್ಯನಿಗೆ ಎಲ್ಲ ಸರಿ ಉಂಟೆಂದು ಬರೆದು ಕಳಿಸುತ್ತಿದ್ದೆವು. ಡಾಕ್ಟರ್ ಕಡತವನ್ನು ಎರಡು ಸಲ ಓದಿ, ಅವರ ಡಾಕ್ಟರಿಗೆ ತಾವೇ ಫೋನ್ ಮಾಡಲು ಎದ್ದರು. ಹೊರಗೆ ಹೋಗಿ, ಮಾತಾಡಿ, ಬಂದು ಪುನಃ ಕುಳಿತರು.

4.52ಕ್ಕೆ ಮುಂದಿನ ನಾಲ್ಕು: 4.5. 4.2. 4.8. 4.0.

ಇನ್ನು ಒಂದು. ಯಂತ್ರದ ಸೂಜಿ ಇಳಿಯುತ್ತಿದೆ. ದಿನಕ್ಕೆ ನೂರು ಸಲ ನೋಡುವ ಸೂಜಿ. ಒಂದು ಹನಿ ಎತ್ತುತ್ತದೆ, ಒಂದು ಮನುಷ್ಯನನ್ನು ಓದುತ್ತದೆ. ಇವತ್ತು ಮೊದಲ ಸಲ ನೋಡಿದ ಹಾಗೆ.

4.55ಕ್ಕೆ ರುಖಿಯಮ್ಮ — 4.6.

ಡಾಕ್ಟರ್ ಪರದೆ ನೋಡುತ್ತ ಕುಳಿತರು.

ರಿಪೋರ್ಟ್ ಕಳಿಸುವ ಮೊದಲೇ ಶೀಲಾವತಿಗೆ ಫೋನ್ ಮಾಡಿದೆ. ಒಂಬತ್ತು ಸರಿ, ಒಂದು ನಿಜವಾದದ್ದು ಎಂದೆ. ಆ ಕಡೆ ಬಸ್ ಸ್ಟ್ಯಾಂಡಿನ ಸದ್ದು.

"ಹಾಗಾದ್ರೆ ಕೈ ಸರಿ ಉಂಟು ಅಂತ ಆಯ್ತಲ್ಲ," ಎಂದಳು. "ಅದನ್ನು ನೀವು ಹೇಳಿದ್ರೆ ಆಗ್ಲಿಕ್ಕಿಲ್ಲ ಕುಶಾಲಣ್ಣ. ಯಾರು ಇಲ್ಲ ಅಂದದ್ದೋ ಅವ್ರು ಹೇಳ್ಬೇಕು."

ಫೋನನ್ನು ಡಾಕ್ಟರ ಕಡೆ ಚಾಚಿದೆ. ಕೈಗೆ ತೆಗೆದುಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎದ್ದು ನಿಂತು, "ಶೀಲಾವತಿಯವರೇ, ನಿಮ್ಮ ಕೈ ಸರಿ ಉಂಟು," ಎಂದರು.